ಕಾರಯ್ಯನ ದೊಡ್ಡ ಚಕ್ರಗಳು

ಹೂಂಗುಟ್ಟುವವರು ಹತ್ತಿರ ಬನ್ನಿ, ಹೇಳುತ್ತೇನೆ.

ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಚಿಕ್ಕತಾಯಮ್ಮ, ಮಗ ಕಾರಯ್ಯ. ಕಾರಯ್ಯ ಪೆದ್ದ. ಪೆದ್ದ ಎಂದರೆ ಸೋಮಾರಿಯಲ್ಲ, ತಂಟೆಕೋರನೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು, ಅದರಾಚೆ ಕೂದಲೆಳೆಯಷ್ಟೂ ಯೋಚಿಸದವನು. "ಬಾಗಿಲು ನೋಡ್ಕೊಂಡಿರ್ಲಾ" ಎಂದು ತಾಯಿ ಹೊರಗೆ ಹೋದರೆ, ಅವಳು ಬರುವವರೆಗೂ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದ. ಹಿತ್ತಲಿನಿಂದ ನುಗ್ಗಿದ ಮೇಕೆ ರಾಗಿ ತಿಂದು ಹೋಗಿರುತ್ತಿತ್ತು.

ಅವನಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಒಂದೇ, ಗಾಡಿ ಓಡಿಸುವುದು. ಅಪ್ಪ ಬಿಟ್ಟು ಹೋದ ಪಿಕಪ್ ಗಾಡಿ ಮನೆಯಲ್ಲಿತ್ತು. ಗಾಡಿ ಹೇಳಿದ್ದಷ್ಟೇ ಮಾಡುತ್ತದೆ, ಇವನೂ ಹೇಳಿದ್ದಷ್ಟೇ ಮಾಡುತ್ತಾನೆ. ಅದಕ್ಕೇ ಇಬ್ಬರಿಗೂ ಹೊಂದಿಕೆಯಾಗಿತ್ತು ಎಂದು ಕಾಣುತ್ತದೆ.

ಕಾರಯ್ಯನಿಗೆ ದುಂಡಮ್ಮ ಎಂಬ ತಂಗಿ. ಅವಳನ್ನು ಕೊಟ್ಟಿದ್ದು ಬೆಟ್ಟದ ಮೇಲಿನ ಎಲಚಿದೊಡ್ಡಿಗೆ. ಆ ಊರಿಗೆ ಹೋಗುವುದು ಕಾಡಿನ ಕಲ್ಲುದಾರಿ. ಅದರ ನಡುವೆ ಮೊಣಕಾಲೆತ್ತರದ ಒಂದು ಬಂಡೆ ಅಡ್ಡ ಮಲಗಿದೆ. ಯಾವ ಗಾಡಿ ಹತ್ತಿದರೂ ಹೊಟ್ಟೆ ತಗುಲಿ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಕಾಯಿಲೆಯವರನ್ನು, ಬಸುರಿಯರನ್ನು ಬಿದಿರಿಗೆ ದುಪ್ಪಟಿ ಕಟ್ಟಿ, ಡೋಲಿ ಮಾಡಿ, ನಾಲ್ಕು ಜನ ಹೊತ್ತು ಇಳಿಸುತ್ತಾರೆ. ಹಿಂದೊಮ್ಮೆ, ಅದೇ ಊರಿಗೆ ಕೊಟ್ಟಿದ್ದ ಚಿಕ್ಕತಾಯಮ್ಮನ ಸ್ವಂತ ತಂಗಿಯನ್ನೂ ಹೆರಿಗೆಗೆಂದು ಹಾಗೇ ಇಳಿಸುತ್ತಿದ್ದರು. ಆ ಬಂಡೆಯ ಹತ್ತಿರ ಭುಜ ಬದಲಿಸಲು ಡೋಲಿ ಇಳಿಸಿದಾಗ ನೋಡಿದರೆ ಅವಳು ಉಸಿರಾಡುತ್ತಿರಲಿಲ್ಲ. ಡೋಲಿಯ ಪಕ್ಕದಲ್ಲಿ ನೀರಿನ ಚೊಂಬು ಹಿಡಿದು ನಡೆಯುತ್ತಿದ್ದವಳು ಚಿಕ್ಕತಾಯಮ್ಮ.

ಈಗ ದುಂಡಮ್ಮನಿಗೆ ತಿಂಗಳು ತುಂಬುತ್ತಿತ್ತು.

"ನನ್ ಮಗಳು ಡೋಲೀಲಿ ಇಳೀಬಾರ್ದು" ಎಂದಳು ಚಿಕ್ಕತಾಯಮ್ಮ. "ಗಾಡಿ ಆ ಬಂಡೆ ದಾಟ್ಬೇಕು. ದಾಟ್ಬೇಕಾದ್ರೆ ಎತ್ತರ ಆಗ್ಬೇಕು. ಕೊಳ್ಳೇಗಾಲಕ್ಕೆ ಹೋಗು, ಈ ಚಕ್ರಕ್ಕಿಂತ ದೊಡ್ಡ ಚಕ್ರ ತತ್ತಾ."

ಕಾರಯ್ಯ ಹೋದ. ಟೈರ್ ಅಂಗಡಿಯ ಇಲಿಯಾಸ್ ಸಾಬರು ಕೇಳಿದರು, "ಎಷ್ಟು ದೊಡ್ಡದು ಬೇಕಪ್ಪ?"

"ಇದಕ್ಕಿಂತ ದೊಡ್ಡದು."

"ಇದಕ್ಕಿಂತ ದೊಡ್ಡದು ಸುಮಾರಿದೆ."

"ಅದಕ್ಕಿಂತ ದೊಡ್ಡದಿದ್ರೆ ಅದೇ ಕೊಡಿ!"

ಕೊನೆಗೆ ಅವನು ಗಾಡಿಯಲ್ಲಿ ಹೇರಿಕೊಂಡು ಬಂದದ್ದು ಟ್ರ್ಯಾಕ್ಟರಿನ ಹಿಂದಿನ ಚಕ್ರ. ಅದು ಅವನ ಕತ್ತಿನವರೆಗೆ ಬರುತ್ತಿತ್ತು.

"ಅಯ್ಯೋ ನನ್ನ ಕರ್ಮವೇ!" ಎಂದಳು ತಾಯಿ. "ಚಕ್ರ ಅಂದ್ಮೇಲೆ ಗಾಡಿಗೆ ಕೂತ್ಕಬೇಡ್ವಾ? ಮೊದ್ಲು ಹಾಕಿ ನೋಡ್ಬೇಕು, ಆಮೇಲೆ ತರ್ಬೇಕು!"

"ಆಯ್ತು ಕಣವ್ವ. ಹಾಕಿ ನೋಡಿ ತತ್ತೀನಿ."

ಮತ್ತೆ ಹೋದ. ಸಾಬರು ಟ್ರ್ಯಾಕ್ಟರ್ ಚಕ್ರ ವಾಪಸ್ ತೆಗೆದುಕೊಂಡು, ಗಾಡಿಯನ್ನು ಸುತ್ತಿ ನೋಡಿ, ಅಳತೆ ಹಿಡಿದು, ಕಲ್ಲುದಾರಿಗೆ ತಕ್ಕ ದಪ್ಪ ಹಲ್ಲಿನ ನಾಲ್ಕು ಚಕ್ರ ಕೊಟ್ಟರು. ಕಾರಯ್ಯ ತಾನೇ ಜಾಕಿ ಕೊಟ್ಟು ಎತ್ತಿ ನಾಲ್ಕನ್ನೂ ಹಾಕಿದ. ಜಾಕಿ ಎಂದರೆ ಗಾಡಿಯ ಅಡಿಗೆ ಇಟ್ಟು ತಿರುಗಿಸಿ, ಗಾಡಿಯನ್ನು ಮೇಲೆತ್ತುವ ಸಾಧನ. ಬೋಲ್ಟಿನ ತೂತುಗಳು ಸರಿಯಾಗಿ ಕೂತವು. ಗಾಡಿ ಗೇಣೆತ್ತರ ಎದ್ದು ನಿಂತಿತು. ಕಾರಯ್ಯ ಸುತ್ತ ನಡೆದು ನೋಡಿದ, ಹಿಂದೆ ಸರಿದು ನೋಡಿದ, ಕೂತು ನೋಡಿದ. ನೋಡಿಯಾದ ಮೇಲೆ ನಾಲ್ಕನ್ನೂ ಬಿಚ್ಚಿ, ಹಳೆಯದನ್ನೇ ಹಾಕಿ, ಹೊಸದನ್ನು ಗಾಡಿಯಲ್ಲಿ ಹೇರಿಕೊಂಡು ಮನೆಗೆ ಬಂದ.

"ಕೂತ್ಕಂತಾ?" ಎಂದು ತಾಯಿ ಓಡಿ ಬಂದಳು.

"ಬಂಗಾರದಂಗೆ ಕೂತ್ಕತು ಕಣವ್ವ!"

"ಮತ್ತೆ ಬಿಚ್ಚಿದ್ಯಾಕ್ಲಾ?"

"ಹಾಕಿ ನೋಡಿ, ಆಮೇಲೆ ತಾ ಅಂದೆ. ಹಾಕ್ದೆ, ನೋಡ್ದೆ, ತಂದೆ."

ಚಿಕ್ಕತಾಯಮ್ಮ ಜಗಲಿಯ ಮೇಲೆ ಕುಸಿದು ಕೂತಳು. "ನಿನ್ನ ತಂಗಿ ಅಲ್ಲಿ ಒಂದೊಂದು ದಿನಾನೂ ಎಣಿಸ್ತಾವಳೆ ಕಣೋ! ಒಂದ್ಸಲ ಹಾಕಿದ್ದನ್ನ ತೆಗೀಬಾರ್ದು. ಹಾಕಿದ್ದು ಹಾಕಿದಂಗೇ ಇರ್ಬೇಕು!"

"ಆಯ್ತು ಕಣವ್ವ. ತೆಗೆಯಲ್ಲ."

ಕಾರಯ್ಯ ಅಂಗಳದಲ್ಲಿ ಕೆಲಸಕ್ಕೆ ನಿಂತ. ಒಂದೊಂದು ಮೂಲೆಗೂ ಜಾಕಿ ಕೊಟ್ಟು ಎತ್ತಿ, ಬೀಳದ ಹಾಗೆ ಅಡಿಗೆ ಕಲ್ಲು ಜೋಡಿಸಿ, ಚಕ್ರ ಹಾಕಿ ಬಿಗಿದ. ನಾಲ್ಕೂ ಮುಗಿದವು. ಕಲ್ಲುಗಳನ್ನು ಮಾತ್ರ ಹಾಕಿದವನು ತೆಗೆಯಲಿಲ್ಲ. ತಾಯಿಗೆ ಮಾತು ಕೊಟ್ಟಿದ್ದನಲ್ಲ! ಗಾಡಿ ಕಲ್ಲುಗಳ ಮೇಲೆ ನಿಂತೇ ಇತ್ತು, ಚಕ್ರಗಳು ನೆಲದಿಂದ ಎರಡು ಬೆರಳು ಮೇಲಿದ್ದವು. ಕಾರಯ್ಯ ಹತ್ತಿ ಕೂತು ಗೇರ್ ಹಾಕಿದ. ಹಿಂದಿನ ಚಕ್ರಗಳು ಗಾಳಿಯಲ್ಲಿ ಗಿರಗಿರನೆ ತಿರುಗಿದವು.

ಹೊಲದಿಂದ ಬಂದ ತಾಯಿ ಕೇಳಿದಳು, "ಎಲ್ಲಿಗ್ಲಾ ಹೊಂಟಿದ್ದೀಯೆ?"

"ಎಲಚಿದೊಡ್ಡಿಗೆ ಕಣವ್ವ. ಬೆಳಗ್ಗೆಯಿಂದ ಹೋಯ್ತಾನೇ ಇವ್ನಿ, ಇನ್ನೂ ಬಂದಿಲ್ಲ."

"ಕಲ್ಲು ತೆಗೀಲಾ ಬೆಪ್ಪೇ! ಚಕ್ರಕ್ಕೆ ಏನು ಅಡ್ಡ ಬಂದದೋ ಅದನ್ನೆಲ್ಲ ಕಿತ್ತಾಕ್ಬೇಕು, ಆಮೇಲೆ ಗಾಡಿ ಬಿಡ್ಬೇಕು!"

"ಆಯ್ತು ಕಣವ್ವ. ಕಿತ್ತಾಕ್ತೀನಿ."

ಕಲ್ಲು ಕಿತ್ತುಹಾಕಿದ, ಗಾಡಿ ಇಳಿಯಿತು, ಓಡಿತು. ಆದರೆ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೆ ಗರ್ರ್ ಎಂಬ ಸದ್ದು. ಚಕ್ರ ದೊಡ್ಡದಾದಾಗ ಹಾಗಾಗುವುದುಂಟು. ಮೇಲಿನ ಮಡ್‌ಗಾರ್ಡಿನ ಅಂಚಿಗೆ ಟೈರು ಉಜ್ಜುತ್ತದೆ. ಮಡ್‌ಗಾರ್ಡ್ ಎಂದರೆ ಚಕ್ರದ ಮೇಲೆ ಕೊಡೆಯ ಹಾಗೆ ಬಾಗಿರುವ ತಗಡು. ಕೆಸರು ಮೇಲೆ ಎರಚದಂತೆ ತಡೆಯುವುದು ಅದರ ಕೆಲಸ. ಉಜ್ಜುವ ಕಡೆ ಅಂಚನ್ನು ಒಂದಿಷ್ಟು ಬಡಿದು ಮಡಿಸಿದರೆ ಸಾಕು. ಕಾರಯ್ಯ ಬಡಿಯಲಿಲ್ಲ, ಮಡಿಸಲಿಲ್ಲ. ನಾಲ್ಕು ಮಡ್‌ಗಾರ್ಡುಗಳನ್ನೂ ಕಿತ್ತುಹಾಕಿದ.

ಮರುದಿನ ಚಿಕ್ಕತಾಯಮ್ಮ ಸೀರೆ ಉಟ್ಟು, ಹೂ ಮುಡಿದು, ಗಾಡಿಯ ಹಿಂದೆ ಕೂತು ಆಸ್ಪತ್ರೆಗೆ ಹೊರಟಳು. ಮಗಳು ಬರುತ್ತಾಳೆ ಎಂದು ನರ್ಸಮ್ಮನಿಗೆ ಮೊದಲೇ ತಿಳಿಸಬೇಕಿತ್ತು. ದಾರಿಯಲ್ಲಿ ಹಳ್ಳ, ಹಳ್ಳದಲ್ಲಿ ಕೆಸರು. ಆ ದಪ್ಪ ಹಲ್ಲಿನ ಚಕ್ರಗಳು ಕೆಸರನ್ನು ಎತ್ತಿ ಎತ್ತಿ ಅವಳ ಮೇಲೆ ಸುರಿದವು. ಆಸ್ಪತ್ರೆಯ ಬಾಗಿಲಲ್ಲಿ ನರ್ಸಮ್ಮ ಕೇಳಿದರು, "ಯಾರಮ್ಮ ನೀವು?"

"ನಾನು ಕಣ್ರವ್ವ, ಚಿಕ್ಕತಾಯಿ" ಎಂದಳು ಅವಳು. ಆಮೇಲೆ ಮಗನ ಕಡೆ ತಿರುಗಿದಳು. "ಗಾಡಿ ಕಷ್ಟ ನೋಡ್ಬೇಡ ಕಣೋ! ಗಾಡೀಲಿ ಕೂರೋರ ಕಷ್ಟ ನೋಡು! ಅವ್ರಿಗೇನು ತೊಂದ್ರೆಯೋ ಅದನ್ನ ಮೊದ್ಲು ಸರಿ ಮಾಡು!"

"ಆಯ್ತು ಕಣವ್ವ. ಕೂರೋರ ಕಷ್ಟ ನೋಡ್ತೀನಿ."

ಇಲಿಯಾಸ್ ಸಾಬರೇ ಅಂಚು ಬಡಿದು ಮಡ್‌ಗಾರ್ಡುಗಳನ್ನು ಮತ್ತೆ ಕೂರಿಸಿಕೊಟ್ಟರು. ಈಗ ಗಾಡಿಗೆ ಯಾವ ಕುಂದೂ ಇರಲಿಲ್ಲ.

ಎಲಚಿದೊಡ್ಡಿಯಿಂದ ಸುದ್ದಿ ಬಂತು. ದುಂಡಮ್ಮನಿಗೆ ಸೊಂಟದಲ್ಲಿ ಸಣ್ಣಗೆ ನೋವಂತೆ. ಕಾರಯ್ಯ ಬೆಳಗಾಗುತ್ತಲೇ ಹೊರಟ. ತಾಯಿ ಬೆಟ್ಟದ ಬುಡದಲ್ಲಿ ನಿಂತು ಕೈಮುಗಿದಳು.

ಬಂಡೆ ಬಂತು. ಕಾರಯ್ಯ ಮೊದಲನೇ ಗೇರಿನಲ್ಲಿ ಮೆಲ್ಲಗೆ ಏರಿಸಿದ. ಮುಂದಿನ ಚಕ್ರ ಹತ್ತಿತು, ಹಿಂದಿನ ಚಕ್ರ ಹತ್ತಿತು. ಹೊಟ್ಟೆ ತಗುಲಲಿಲ್ಲ. ಎಲಚಿದೊಡ್ಡಿಗೆ ಮೊಟ್ಟಮೊದಲ ಸಲ ಒಂದು ಗಾಡಿ ಬಂದು ನಿಂತಿತು.

ಊರಿನ ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಹೆರಿಗೆ ಮಾಡಿಸುವ ಕೇತಮ್ಮಜ್ಜಿ ದುಂಡಮ್ಮನ ಕೈಹಿಡಿದು ಗಾಡಿಯ ಹತ್ತಿರ ಕರೆತಂದಳು. ದುಂಡಮ್ಮ ಕಾಲೆತ್ತಿದಳು, ಎಟುಕಲಿಲ್ಲ. ಇನ್ನೊಂದು ಕಾಲೆತ್ತಿದಳು, ಎಟುಕಲಿಲ್ಲ. ಚಕ್ರ ದೊಡ್ಡದಾದರೆ ಗಾಡಿ ಎತ್ತರವಾಗುತ್ತದೆ, ಗಾಡಿ ಎತ್ತರವಾದರೆ ತುಂಬಿದ ಬಸುರಿಗೆ ಹತ್ತಲಾಗುವುದಿಲ್ಲ. ಇದನ್ನು ಯಾರೂ ಯೋಚಿಸಿರಲಿಲ್ಲ.

"ಎತ್ತರ ಆಯ್ತು ಕಣಣ್ಣ" ಎಂದಳು ದುಂಡಮ್ಮ. ಅವಳ ಹಣೆಯಲ್ಲಿ ಬೆವರಿತ್ತು.

ಕಾರಯ್ಯನಿಗೆ ತಾಯಿಯ ಮಾತು ನೆನಪಾಯಿತು. ಕೂರೋರ ಕಷ್ಟ ನೋಡು!

"ವಸಿ ತಡಿ ತಂಗಿ, ಈಗ್ಲೇ ಸರಿ ಮಾಡ್ತೀನಿ."

ಜಾಕಿ ತೆಗೆದ. ಒಂದು ಚಕ್ರ ಬಿಚ್ಚಿ, ಆ ಮೂಲೆ ಇಳಿಸಿದ. ಎರಡನೆಯದು ಬಿಚ್ಚಿದ, ಇಳಿಸಿದ. ಮೂರನೆಯದು, ನಾಲ್ಕನೆಯದು. ಗಾಡಿ ದಣಿದ ಎಮ್ಮೆಯ ಹಾಗೆ ನೆಲಕ್ಕೆ ಹೊಟ್ಟೆ ಕೊಟ್ಟು ಮಲಗಿತು. ದುಂಡಮ್ಮ ಸುಲಭವಾಗಿ ಕಾಲಿಟ್ಟು ಹತ್ತಿ, ಹಾಸಿದ ದುಪ್ಪಟಿಯ ಮೇಲೆ ಒರಗಿದಳು.

"ಚೆನ್ನಾಗಿ ಕೂತ್ಕಂಡ್ಯಾ?"

"ಕೂತ್ಕಂಡೆ ಕಣಣ್ಣ."

ಕಾರಯ್ಯ ಮುಂದೆ ಕೂತು ಗಾಡಿ ಚಾಲೂ ಮಾಡಿದ. ಗಾಡಿ ಅರಚಿತು, ಅಲುಗಲಿಲ್ಲ.

"ಅಣ್ಣ, ಚಕ್ರ?"

"ಚಕ್ರ ಇಲ್ಲೇ ಅವೆ ತಂಗಿ, ಎಲ್ಲೂ ಹೋಗಿಲ್ಲ."

"ಹಾಕ್ಲಾ ಅವನ್ನ, ಮುಠ್ಠಾಳ!" ಎಂದು ಕೇತಮ್ಮಜ್ಜಿ ಕೂಗಿದಳು. ಆದರೆ ಹೊಟ್ಟೆ ನೆಲಕ್ಕೆ ಕಚ್ಚಿತ್ತು, ಅಡಿಯಲ್ಲಿ ಜಾಕಿ ತೂರಲು ಸಂದಿಲ್ಲ. ಅಗೆಯೋಣವೆಂದರೆ ನೆಲವೆಲ್ಲ ಕಲ್ಲು. ಅಷ್ಟರಲ್ಲಿ ದುಂಡಮ್ಮ ಗಾಡಿಯ ಅಂಚನ್ನು ಗಟ್ಟಿಯಾಗಿ ಹಿಡಿದಳು. ಅಜ್ಜಿ ಅವಳ ಮುಖ ನೋಡಿದಳು. "ನೀರು ಕಾಯಿಸ್ರವ್ವ!" ಎಂದು ಅಕ್ಕಪಕ್ಕದ ಹೆಂಗಸರಿಗೆ ಹೇಳಿ, ಕಾರಯ್ಯನ ಕಡೆ ತಿರುಗಿದಳು. "ನೀನು ಆ ಕಡೆ ತಿರುಗಿ ನಿಂತ್ಕಳ್ಲಾ!"

ಕಾರಯ್ಯ ಆ ಕಡೆ ತಿರುಗಿ ನಿಂತ.

ಬುಡದಲ್ಲಿ ಚಿಕ್ಕತಾಯಮ್ಮ ಕಾದಳು. ಹೊತ್ತು ಏರಿತು, ಗಾಡಿ ಬರಲಿಲ್ಲ. ಕಾಯಲಾರದೆ ನಡೆದಳು. ಬಂಡೆಯ ಹತ್ತಿರ ಬಂದಾಗ ಅವಳ ಕಾಲು ನಿಂತವು. ಬಂಡೆಯ ನೆತ್ತಿಯ ಮೇಲೆ ಟೈರಿನ ಹಲ್ಲಿನ ಗುರುತು ಮೂಡಿತ್ತು. ಏರಿದ ಗುರುತಿತ್ತು, ಇಳಿದ ಗುರುತಿರಲಿಲ್ಲ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಓಡಿದಳು.

ಮೇಲೆ ಬಂದು ನೋಡಿದರೆ ಗಾಡಿ ನೆಲದ ಮೇಲಿದೆ. ನಾಲ್ಕು ಚಕ್ರ ಗೋಡೆಗೆ ಒರಗಿವೆ. ಮಗ ಇನ್ನೂ ಆ ಕಡೆ ತಿರುಗಿ ನಿಂತಿದ್ದಾನೆ.

"ದುಂಡೀ!" ಎಂದಳು.

"ಅವ್ವ" ಎಂದಳು ದುಂಡಮ್ಮ ಗಾಡಿಯೊಳಗಿಂದ. ಅವಳ ಪಕ್ಕದಲ್ಲಿ ಒಂದು ಕೂಸು ಅತ್ತಿತು.

ಚಿಕ್ಕತಾಯಮ್ಮ ಮಗಳ ಕೆನ್ನೆ ಮುಟ್ಟಿದಳು, ಕೂಸಿನ ಕಾಲು ಮುಟ್ಟಿದಳು. ಕಣ್ಣೊರೆಸಿಕೊಂಡ ಮೇಲೆ ಮಗನನ್ನು ಬೈಯಲು ತಿರುಗಿದಳು. "ಅಲ್ಲಾ ಕಣೋ, ಹತ್ತೋಕೆ ಒಂದು ಮೆಟ್ಲು ತಾನೇ ಬೇಕಿದ್ದದ್ದು? ಅದಕ್ಕೆ ನಾಲ್ಕೂ ಬಿಚ್ಚೋದಾ? ಒಂದು ಚಕ್ರ ಮಲಗಿಸಿದ್ರೆ ಮೆಟ್ಲು ಆಗ್ತಿರ್ಲಿಲ್ವಾ?"

"ಆಯ್ತು ಕಣವ್ವ. ಮೆಟ್ಲಿಗೆ ಒಂದೇ ಚಕ್ರ."

ಗಂಡಸರು ಬಂದರು. ಡೋಲಿಗೆಂದು ಇಟ್ಟಿದ್ದ ಬಿದಿರುಗಳನ್ನು ಗಾಡಿಯ ಅಡಿಗೆ ಕೊಟ್ಟು ಮೀಟಿ ಎತ್ತಿದರು. ಕಾರಯ್ಯ ಚಕ್ರಗಳನ್ನು ಹಾಕಿದ. ಬಾಣಂತಿ, ಕೂಸು ಇಬ್ಬರನ್ನೂ ಡಾಕ್ಟರಿಗೆ ತೋರಿಸಲೇಬೇಕಲ್ಲ, ಎಲ್ಲರೂ ಹೊರಟರು. ಬಂಡೆಯ ಮೇಲಿಂದ ಗಾಡಿ ಎಷ್ಟು ಮೆಲ್ಲಗೆ ಇಳಿಯಿತೆಂದರೆ ಕೂಸಿಗೆ ಎಚ್ಚರವಾಗಲಿಲ್ಲ. ಚಿಕ್ಕತಾಯಮ್ಮ ಅದನ್ನು ದಾಟುವಾಗ ಕಣ್ಣು ಮುಚ್ಚಿಕೊಂಡಿದ್ದಳು.

ಆಸ್ಪತ್ರೆಯ ಮುಂದೆ ಗಾಡಿ ನಿಂತಿತು. ದುಂಡಮ್ಮ ಇಳಿಯಬೇಕು, ಗಾಡಿ ಎತ್ತರ. ತಾಯಿ ಒಳಗೆ ಹೋಗಿ ನರ್ಸಮ್ಮನಿಗೆ ಹೇಳಿ ಬರುವಷ್ಟರಲ್ಲಿ ಕಾರಯ್ಯ ಮುಂದಿನಿಂದ ಒಂದು ಚಕ್ರ ಉರುಳಿಸಿಕೊಂಡು ಬಂದು ಹಿಂಬದಿಯಲ್ಲಿ ಮಲಗಿಸಿದ. ದುಂಡಮ್ಮ ಅದರ ಮೇಲೆ ಕಾಲಿಟ್ಟು, ಅಣ್ಣನ ಭುಜ ಹಿಡಿದು, ತನ್ನ ಕಾಲ ಮೇಲೆ ತಾನೇ ಇಳಿದು ಒಳಗೆ ನಡೆದಳು. ಹಿಂದೆ ಕೇತಮ್ಮಜ್ಜಿ ಕೂಸನ್ನು ಎತ್ತಿಕೊಂಡು ಹೋದಳು.

ಚಿಕ್ಕತಾಯಮ್ಮ ಮಗನ ಹತ್ತಿರ ಬಂದಳು. "ಸ್ಟೆಪ್ನಿ ಇಳಿಸಿದ್ಯಾ ಮಗಾ? ಇವತ್ತು ನನ್ ಮಾತು ಸರಿಯಾಗಿ ಕೇಳ್ದೆ ಕಣಪ್ಪ" ಎಂದು ಅವನ ತಲೆ ಸವರಿದಳು.

ಆಮೇಲೆ ಗಾಡಿಯ ಕಡೆ ನೋಡಿದಳು. ಸ್ಟೆಪ್ನಿ, ಅಂದರೆ ಹೆಚ್ಚುವರಿ ಚಕ್ರ, ಗಾಡಿಯಲ್ಲೇ ಇತ್ತು. ಗಾಡಿಯ ಮುಂದಿನ ಒಂದು ಮೂಲೆ ಮಾತ್ರ ಬರೀ ಜಾಕಿಯ ಮೇಲೆ ನಿಂತಿತ್ತು.

"ಒಂದೇ ಬಿಚ್ಚಿದೆ ಕಣವ್ವ" ಎಂದ ಕಾರಯ್ಯ.