ಮಗುವಿಗೆ ಬಂದ ಮಾವ

"ಗುರುಗಳೇ, ತಿಳಿಯದವರಿಗೆ ಕಲಿಸಬಹುದು. ಕಲಿತೂ ಬಾಯಿ ಬಿಡದವರನ್ನು ಏನು ಮಾಡುವುದು?"

ಕೇಳಿದ ಶಿಷ್ಯ ವೈದ್ಯಕೀಯ ಓದಿದವನು. ಬೆಟ್ಟದ ಹಾಡಿಗಳಲ್ಲಿ ರಾಗಿ ಬೆಳೆದುಕೊಂಡಿರುವ ಹೆಂಗಸರನ್ನು ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಲು ಹೋಗಿ ಸೋತು ಬಂದಿದ್ದ. ಅವರಿಗೆ ಎಲ್ಲ ಗೊತ್ತು, ಕೇಳಿದರೆ ಮಾತ್ರ ಸೆರಗನ್ನು ಬಾಯಿಗಿಟ್ಟುಕೊಂಡು ನಗುತ್ತಾರೆ ಎಂದು ದೂರಿದ. ಇನ್ನು ತನ್ನಿಂದಾಗದು ಎಂದೂ ಹೇಳಿದ. ಗುರು ಅವನ ಗೋಳನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಕತೆ ಶುರು ಮಾಡಿದರು.

ಒಬ್ಬ ವೈದ್ಯನಿದ್ದ. ಬೆಟ್ಟದ ಕೆಳಗೆ ಅವನ ಮನೆ. ಮೇಲಿನ ಹಾಡಿಯ ಒಬ್ಬ ರೈತ ಹೆಂಗಸಿಗೆ ಅವನು ಕಾಯಿಲೆಗಳ ಗುರುತು ಕಲಿಸಿದ. ಮಕ್ಕಳಿಗೆ ಜ್ವರ ಬಂದರೆ ತಡಮಾಡದೆ ಹೇಳಿ ಕಳಿಸು ಎಂದ. ಅವಳು ತಲೆಯಾಡಿಸಿದಳು.

ಆ ಹಾಡಿಯವರ ಬಾಯಲ್ಲಿ ಜ್ವರ ಎಂಬುದು ಜವರ. ಅವಳ ಮಾವನ ಹೆಸರೂ ಜವರ. ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ. ಇದನ್ನು ವೈದ್ಯ ಕೇಳಲಿಲ್ಲ, ಅವಳು ಹೇಳಲಿಲ್ಲ. ಹೇಳಬೇಕಾದರೂ ಆ ಹೆಸರನ್ನೇ ಎತ್ತಬೇಕಲ್ಲ.

ಒಂದು ದಿನ ಪಕ್ಕದ ಮನೆಯ ಮಗುವಿನ ಮೈ ಕೆಂಡವಾಯಿತು. ಅವಳು ಸಂತೆಗೆ ಇಳಿಯುತ್ತಿದ್ದ ಒಬ್ಬನ ಕೈಯಲ್ಲಿ ಹೇಳಿ ಕಳಿಸಿದಳು: "ಪಕ್ಕದ ಮನೆ ಮಗುವಿಗೆ ನಮ್ಮ ಮಾವನೋರು ಬಂದವ್ರೆ. ಬೇಗ ಬರಬೇಕು." ಹಾಡಿಯಲ್ಲಿ ಇದು ಎಲ್ಲರಿಗೂ ಅರ್ಥವಾಗುವ ಮಾತು. ಆತ ಅದನ್ನು ಹಾಗೆಯೇ ತಂದು ಒಪ್ಪಿಸಿದ.

ವೈದ್ಯನಿಗೆ ರೇಗಿತು. ಇಷ್ಟೆಲ್ಲ ಕಲಿಸಿದ್ದು ನೆಂಟರು ಬಂದ ಸುದ್ದಿ ಕೇಳುವುದಕ್ಕೇ? ಮಾವನಿಗೆ ಹೊಟ್ಟೆ ತುಂಬ ಗಂಜಿ ಕೊಡು, ಬಂದ ಹಾಗೆಯೇ ಹೋಗುತ್ತಾನೆ ಎಂದು ಅದೇ ಮನುಷ್ಯನ ಕೈಯಲ್ಲಿ ಹೇಳಿಸಿದ.

ಅವಳು ಹಾಗೆಯೇ ಮಾಡಿದಳು. ವೈದ್ಯರ ಮಾತಲ್ಲವೇ. ಮಗುವಿಗೆ ಗಂಜಿ ಕುಡಿಸಿದಳು, ತಾಯಿಗೆ ಧೈರ್ಯ ಹೇಳಿದಳು, ಕಾದು ಕೂತಳು.

ಮುಂದಿನ ಪಾಠಕ್ಕೆಂದು ಬೆಟ್ಟ ಹತ್ತಿ ಬಂದ ವೈದ್ಯ, ನಿನ್ನ ಮಾವ ಹೊರಟನೋ ಇನ್ನೂ ಉಣ್ಣುತ್ತಿದ್ದಾನೋ ಎಂದು ಹಾಸ್ಯ ಮಾಡಿದ.

"ಮಾವನೋರು ಹೋಗಲೇ ಇಲ್ಲ ಸಾಮಿ," ಎಂದಳು ಅವಳು. "ಮಗುವೇ ಹೋಯ್ತು."

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಿಟ್ಟು ಬಂದದ್ದು ವೈದ್ಯನ ಮೇಲಲ್ಲ, ಹೆಂಗಸಿನ ಮೇಲೆ.

"ಮಗು ಸಾಯುತ್ತಿದೆ. ಆಗಲೂ ಒಂದು ಹೆಸರು ಹೇಳುವುದು ಅಷ್ಟು ಕಷ್ಟವೇ, ಗುರುಗಳೇ?"

"ಇಷ್ಟು ವರ್ಷದಿಂದ ನನ್ನ ಹತ್ತಿರ ಇದ್ದೀಯ. ಎಲ್ಲಿ, ನನ್ನ ಹೆಸರು ಹೇಳು."

ಶಿಷ್ಯ ಬಾಯಿ ಬಿಡಲಿಲ್ಲ.