ಮೆಣಸಿನ ಕುಡಿಕೆಗೆ ಉಸುರಿದ ಹೆಸರು

ಅಮೆಜಾನ್ ಕಾಡಲ್ಲಿ ಇಸಾನಾ ಅಂತ ಒಂದು ಹೊಳೆ. ಅದರ ದಂಡೇಲಿ ಬನೀವಾ ಜನ.

ಅವರಲ್ಲಿ ಹುಡುಗಿ ಮೈನೆರೆದ್ರೆ ಉಪವಾಸ ಕೂರಿಸ್ತಾರೆ. ವಿದ್ಯೆ ಬಲ್ಲೋನೊಬ್ಬ ಮೆಣಸಿನಕಾಯಿ ಕುಡಿಕೆ ಹಿಡ್ಕೊಂಡು, ಮೀನು, ಮೃಗ, ಒಂದೊಂದರ ಹೆಸರನ್ನೂ ಅದಕ್ಕೆ ಉಸುರಬೇಕು. ಹೆಸರು ಹೇಳಿದ್ದನ್ನ ಮುಂದೆ ತಿಂದ್ರೆ ಅವಳ ಮೈಗೆ ಒಗ್ಗುತ್ತೆ, ಬಿಟ್ಟಿದ್ದು ಕಾಯಿಲೆ ತರುತ್ತೆ. ಆ ಖಾರ ನಾಲಿಗೆಗೆ ಮುಟ್ಟಿದ ಮೇಲೇನೇ ಊಟ.

ಈ ವಿದ್ಯೇನ ಲೂಸಿಯೊ ಕಲೀತಿದ್ದ, ಮುದುಕ ಸೆವೇರೊ ಹತ್ರ. ಮೊದಲ ಸಲ ಉಸುರೋಕೆ ಕೂತಿದ್ದು ಸ್ವಂತ ಮಗಳು ಇಲ್ಡಾಗೇ.

ಬೆಳಗ್ಗೆ ಕೂತೋನು ಮಧ್ಯಾಹ್ನಕ್ಕೆ ಕುಡಿಕೆ ಇಳಿಸಿದ.

"ಆಯ್ತಜ್ಜ."

ಸೆವೇರೊ ಕುಡಿಕೆ ಎತ್ತಿ ಖಾರಾನೆಲ್ಲ ಮರಳಿಗೆ ಸುರಿದುಬಿಟ್ಟ.

"ಅಯ್ಯೋ! ಯಾಕಜ್ಜ?"

"ನಮ್ಮ ಹೊಳೆ ಮೀನೆಲ್ಲ ಹೇಳಿದೆ. ಆಚೆ ಹೊಳೆಗಳ ಮೀನೆಲ್ಲಿ? ಮರೆತ್ಯಾ?"

"ಮರೀಲಿಲ್ಲ, ಬಿಟ್ಟೆ. ಮಗು ಹಸಿದು ಸಾಯ್ತಿದೆ. ಆ ಮೀನೆಲ್ಲ ನಮ್ಮೂರಲ್ಲಿ ಯಾವನು ತಿಂತಾನೆ?"

"ಓಹೋ. ಹಾಗಾದ್ರೆ ಮಗಳ್ನ ಇದೇ ಊರಲ್ಲಿ ಕೊಡ್ತೀಯಾ?"

ಲೂಸಿಯೊ ಖಾಲಿ ಕುಡಿಕೆ ಎತ್ಕೊಂಡ. ಊರೋರೆಲ್ಲ ಅಣ್ಣತಮ್ಮಂದಿರ ಲೆಕ್ಕ. ಹೆಣ್ಣು ಬೇರೆ ಊರಿಗೇ ಹೋಗಬೇಕು. ಇಷ್ಟು ಕೂಡ ತಲೇಗೆ ಹೋಗಿರಲಿಲ್ಲ ಪುಣ್ಯಾತ್ಮನಿಗೆ.

ಅವಳನ್ನ ಕೂರಿಸಿದ್ದ ತಾಳೆಗರಿ ತಟ್ಟಿಯ ಹಿಂದಿನಿಂದ ಇಲ್ಡಾ ಕೂಗಿದ್ಲು. "ಅಪ್ಪ, ಮೊದಲು ಯಾವುದು ಮುಗಿಯುತ್ತೆ, ನಿನ್ನ ಮೀನಾ, ನಾನಾ?"

"ಇನ್ನೊಂದು ಸಲ ಮಗಾ. ಮೊದಲಿಂದ."

ತಟ್ಟಿ ಆಚೆಯಿಂದ ಇಲ್ಡಾ ಅಂದ್ಲು.

"ಸರಿ. ಒಂದನ್ನೂ ಬಿಡಬೇಡ. ನಾನು ತಡೀತೀನಿ."

ಲೂಸಿಯೊ ಹೊಸ ಮೆಣಸಿನಕಾಯಿ ಅರೆದ. ಕಣ್ಣೆಲ್ಲ ಉರೀತು, ಒರೆಸ್ಕೊಳ್ಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಮೊದಲನೇ ಮೀನಿಂದ ಶುರು ಮಾಡಿದ. ಹೆಸರಲ್ಲೇ ತಮ್ಮ ಹೊಳೆ ದಾಟಿದ. ಆಚೆ ಹೊಳೆ ದಾಟಿದ. ಅದರಾಚೆಯದನ್ನೂ ದಾಟಿದ. ಗಂಟಲು ಕಟ್ಟಿ ಸ್ವರ ಕಪ್ಪೆ ಥರ ಆಯ್ತು. ಬಿಸಿಲು ಇಳೀತಾ ಬಂತು.

ಒಂದು ಗುಟುಕು ನೀರಿಗೆ ನಿಲ್ಲಿಸಿ ಕೇಳಿದ. "ಅಜ್ಜ, ಇವಳು ಯಾವ ಹೊಳೆಗೆ ಹೋಗ್ತಾಳೋ ಯಾರಿಗೆ ಗೊತ್ತು? ಕಣ್ಣಾರೆ ಕಾಣದ ಮೀನನ್ನ ಎಲ್ಲೀವರೆಗೆ ಹೇಳ್ಲಿ?"

ಸೆವೇರೊ ಕುಡಿಕೇನ ಅವನ ಬಾಯಿಗೆ ಇನ್ನಷ್ಟು ಹತ್ರ ಸರಿಸಿದ.

"ನಿನ್ನ ಹೆಂಡ್ತಿ ಎಂಟು ದಿನದ ದೋಣಿ ದಾರಿಯಿಂದ ಬಂದೋಳು. ಇಷ್ಟು ವರ್ಷ ನಮ್ಮ ಮೀನು ತಿಂದು ಗಟ್ಟಿಮುಟ್ಟಾಗಿದ್ದಾಳೆ. ಅವಳ ಕುಡಿಕೆಗೆ ಉಸುರಿದ ಅವಳಪ್ಪ ನಮ್ಮ ಹೊಳೆ ಕಂಡಿದ್ನಾ?"