ಒಂದು ಶೈಲಿ ಉಳಿಸಿ ಅಂದರು

ಹೊಳೆದಂಡೆಯ ಆ ವಾಡೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದವರಿಗೆ ಕಂಡದ್ದೆಲ್ಲ ಬೇಕಿತ್ತು. ಬಾಗಿಲಿಗೆ ಗ್ರೀಕರ ಕಂಬ, ಮಹಡಿಗೆ ಗೋಥಿಕ್ ಚೂಪು ಕಿಟಕಿ, ದಿವಾನಖಾನೆಗೆ ಮೊಘಲರ ದೀಪದ ಗೂಡು.

ಈಗಿನ ಇನಾಮದಾರರಿಗೆ ಅದನ್ನು ನೋಡಿದರೆ ನಾಚಿಕೆ. "ಒಂದು ಶೈಲಿ ಉಳಿಸಿ, ಮಿಕ್ಕದ್ದು ಕೆಡವಿ" ಎಂದು ಗಾರೆ ಕೆಲಸದ ಗುರು ದಾವಲಸಾಬರಿಗೆ ಅಪ್ಪಣೆ ಮಾಡಿದರು.

ಶಿಷ್ಯ ಈರಭದ್ರನಿಗೆ ಎಲ್ಲಿಲ್ಲದ ಹುರುಪು. ಪಟ್ಟಣದಲ್ಲಿ ಶೈಲಿಗಳ ಹೆಸರು ಕಲಿತು ಬಂದವನಲ್ಲವೇ? ಸೀಮೆಸುಣ್ಣ ಹಿಡಿದು, ಕೆಡವಬೇಕಾದಲ್ಲೆಲ್ಲ ಗೀಟು ಎಳೆದ.

"ಕಂಬ ಉಳಿಸೋಣ್ರಿ," ಅಂದ. "ಆದ್ರ ಅದರ ತಲೀ ಮ್ಯಾಲಿನ ಗಿಳಿ ತಪ್ಪೈತಿ. ಅಲ್ಲಿ ಗ್ರೀಕರ ಎಲಿ ಇರಬೇಕು."

"ಗಿಳಿ ಮಾಡಿದಾವ ಆ ಎಲಿ ನೋಡಿದ್ನೇನು?" ಗುರು ಕೇಳಿದರು.

"ಎಲ್ಲಿ ನೋಡ್ತಾನ್ರಿ. ಅದಕ್ಕ ತಪ್ಪಿದಾನ."

"ನೀ ನೋಡೀಯೇನು?"

"ಪುಸ್ತಕದಾಗ ನೋಡೀನಿ."

ಗುರು ಸೀಮೆಸುಣ್ಣ ಕಸಿದು ಜೇಬಿಗೆ ಹಾಕಿಕೊಂಡರು. "ಏಣಿ ಹತ್ತು. ಗಿಳಿ ಹಿಂದ ಕೈ ಆಡ್ಸು."

ಕೆಲಸ ಮುಗಿದ ದಿನ, ಯಾರಿಗೂ ಕಾಣದ ಕಡೆ, ಹಸಿ ಗಾರೆಯಲ್ಲಿ ಹೆಬ್ಬೆರಳು ಒತ್ತುವುದು ಗಾರೆಯವರ ಪದ್ಧತಿ. ಈರಭದ್ರನ ಬೆರಳಿಗೆ ಆ ಗುಳಿ ಸಿಕ್ಕಿತು. ಅದರ ನಡುವೆ ಅಡ್ಡಕ್ಕೊಂದು ಹಳೆಯ ಗಾಯದ ಗೆರೆ.

"ಈಗ ಮಹಡಿ ಕಿಟಕಿ."

ಕಿಟಕಿಯ ಕೆಳಗೂ ಗುಳಿ, ಅದೇ ಗಾಯದ ಗೆರೆ. ಈರಭದ್ರ ದಿವಾನಖಾನೆಗೆ ತಾನೇ ಓಡಿದ. ದೀಪದ ಗೂಡಿನ ಒಳಮೈಯಲ್ಲೂ ಅದೇ ಗೆರೆ.

ತಿರುಗಿ ಬಂದು, ತಾನು ಎಳೆದ ಗೀಟುಗಳ ಮುಂದೆ ನಿಂತ. ಹೆಗಲ ಮೇಲಿನ ವಸ್ತ್ರದಿಂದ ಒಂದೊಂದನ್ನೇ ಒರೆಸಿದ.

ಸಂಜೆ ಇನಾಮದಾರರು ಗುದ್ದಲಿಯವರನ್ನು ಕರೆದುಕೊಂಡೇ ಬಂದರು. "ಯಾವ ಶೈಲಿ ಉಳಿಸಿದಿರಿ?"

"ಎಲ್ಲಾ ಉಳಿಸೀವ್ರಿ," ಅಂದ ಈರಭದ್ರ.

"ಒಂದು ಅಂದಿದ್ದೆ. ಆಗಂಗಿಲ್ಲಂದ್ರ ಪಕ್ಕಕ್ಕ ಸರೀರಿ, ಇವರು ಕೆಡವ್ತಾರ."

ಈರಭದ್ರ ಬಾಗಿಲಿಗೆ ಅಡ್ಡ ನಿಂತ. ಸರಿಯಲಿಲ್ಲ.

ದಾವಲಸಾಬರು ಜೇಬಿನಿಂದ ಸೀಮೆಸುಣ್ಣ ತೆಗೆದು ಇನಾಮದಾರರ ಅಂಗೈಯಲ್ಲಿಟ್ಟರು. ಆಮೇಲೆ ಅಂಗಿಯ ತೋಳು ಮಡಚಿ, ತಮ್ಮ ಬಲಗೈಯನ್ನು ಅವರ ಮುಂದೆ ಚಾಚಿದರು.

"ಇದನ್ನೆಲ್ಲಾ ಮಾಡಿದ್ದು ನನ್ನಂಥಾ ಒಬ್ಬ ಗಾರೆಯವನ ಒಂದೇ ಕೈರಿ. ಎಲ್ಲಿಗೆ ಕತ್ತರಿಸಬೇಕು, ನೀವೇ ಗೀಟು ಹಾಕ್ರಿ."